ವೇಗವರ್ಧನೆಯ ವೇಳೆ ಕಾರಿನ ನಡುಕ

ವೇಗವರ್ಧನೆಯ ವೇಳೆ ಕಾರಿನ ನಡುಕ ಎಂದರೆ ಚಾಲಕನು ಆಕ್ಸಿಲರೇಟರ್ ಒತ್ತಿ ವೇಗ ಹೆಚ್ಚಿಸುವಾಗ ಕಾರಿನಲ್ಲಿ ಉಂಟಾಗುವ ಅಸಹಜ ಕಂಪನ. ಇದು ಸ್ವತಃ ಒಂದು ದೋಷವಲ್ಲ, ದೋಷದ ಲಕ್ಷಣ. ಇದರ ಮೂಲವು ಎಂಜಿನ್‌ನಲ್ಲಿ, ಎಂಜಿನ್ನನ್ನು ಹಿಡಿದಿಡುವ ಮೌಂಟಿಂಗ್‌ಗಳಲ್ಲಿ ಅಥವಾ ಶಕ್ತಿಯನ್ನು ಚಕ್ರಗಳಿಗೆ ಸಾಗಿಸುವ ಕ್ಲಚ್ ಮತ್ತು ಆಕ್ಸಲ್‌ಗಳಲ್ಲಿ ಇರಬಹುದು. ನಡುಕವು ಯಾವ ಸಂದರ್ಭದಲ್ಲಿ ಬರುತ್ತದೆ ಎಂಬುದನ್ನು ಮೊದಲು ಗುರುತಿಸಿದರೆ, ಅನವಶ್ಯಕವಾಗಿ ಬಿಡಿಭಾಗಗಳನ್ನು ಬದಲಿಸುವ ಖರ್ಚು ತಪ್ಪುತ್ತದೆ.

ಚಾಲನೆಯ ಸಂದರ್ಭ

ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಎಂದು ಕರೆಯಲಾಗುತ್ತಿದ್ದ ಇಂದಿನ ಹೆದ್ದಾರಿ 48, ಹಾವೇರಿ, ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರು ಮತ್ತು ರಾಣೆಬೆನ್ನೂರುಗಳ ಮೂಲಕ ಹಾದುಹೋಗುತ್ತದೆ. ಈ ಭಾಗದ ಕಾರು ಒಂದೇ ದಿನದಲ್ಲಿ ಹಲವು ಬಗೆಯ ಚಾಲನೆಗೆ ಒಳಗಾಗುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ದಟ್ಟಣೆಯಲ್ಲಿ ಅದು ಮೊದಲ ಗೇರಿನಲ್ಲಿ ತೆವಳುತ್ತದೆ. ಹೆದ್ದಾರಿಯಲ್ಲಿ ಲಾರಿಗಳನ್ನು ಹಿಂದಿಕ್ಕಲು ಪೂರ್ಣ ಶಕ್ತಿಯನ್ನು ಬೇಡುತ್ತದೆ. ಹೊಲದ ದಾರಿಗಳಲ್ಲಿ ಧೂಳನ್ನು ಸೇವಿಸುತ್ತದೆ. ಮೊದಲನೆಯದು ಕ್ಲಚ್‌ನ, ಎರಡನೆಯದು ಎಂಜಿನ್ ಮತ್ತು ಆಕ್ಸಲ್‌ನ, ಮೂರನೆಯದು ಗಾಳಿ ಶೋಧಕದ ದೌರ್ಬಲ್ಯವನ್ನು ಹೊರಗೆಡಹುತ್ತದೆ.

ಲಕ್ಷಣಗಳ ವಿಂಗಡಣೆ

* ನಿಂತ ಕಾರನ್ನು ಹೊರಡಿಸುವಾಗ, ಕ್ಲಚ್ ಬಿಡುವ ಕ್ಷಣದಲ್ಲಿ ಮಾತ್ರ ನಡುಕ ಬಂದರೆ ಕ್ಲಚ್ ಅಥವಾ ಮೌಂಟಿಂಗ್ ಮೇಲೆ ಸಂಶಯ.
* ಮೇಲಿನ ಗೇರಿನಲ್ಲಿ ಅಥವಾ ಏರಿನಲ್ಲಿ ಜರ್ಕ್ ಹೊಡೆದು ಪಿಕಪ್ ಕುಸಿದರೆ ಎಂಜಿನ್‌ನ ಉರಿತದಲ್ಲಿ ದೋಷ.
* ಪಿಕಪ್ ಕುಗ್ಗದೆ, ಪೆಡಲ್ ಒತ್ತಿದಾಗ ಮಾತ್ರ ಕಾರು ಅಕ್ಕಪಕ್ಕಕ್ಕೆ ಅಲುಗಾಡಿ, ಕಾಲು ತೆಗೆದೊಡನೆ ನಿಂತರೆ ಆಕ್ಸಲ್‌ನ ಒಳ ಜಾಯಿಂಟ್.
* ನಿರ್ದಿಷ್ಟ ವೇಗದಲ್ಲಿ ಆರಂಭವಾಗಿ, ಪೆಡಲ್‌ನಿಂದ ಕಾಲು ತೆಗೆದರೂ ಮುಂದುವರಿದರೆ ಟೈರ್ ಅಥವಾ ವೀಲ್ ಬ್ಯಾಲೆನ್ಸಿಂಗ್ ದೋಷ.

ನಿಂತ ಕಾರಿನಲ್ಲಿ ರೇಸ್ ಕೊಟ್ಟಾಗ ಎಂಜಿನ್ ಸಮವಾಗಿ ಓಡಿತೆಂದ ಮಾತ್ರಕ್ಕೆ ಅದು ನಿರ್ದೋಷಿ ಎನ್ನಲಾಗದು. ಭಾರ ಬಿದ್ದಾಗ ಸಿಲಿಂಡರಿನೊಳಗಿನ ಒತ್ತಡ ಹೆಚ್ಚಿ, ಕಿಡಿ ಹಾರಲು ಅಧಿಕ ವೋಲ್ಟೇಜ್ ಬೇಕಾಗುತ್ತದೆ. ದುರ್ಬಲ ಪ್ಲಗ್ ಅಥವಾ ಕಾಯಿಲ್ ಸೋಲುವುದು ಆಗಲೇ.

ಎಂಜಿನ್ ಸಂಬಂಧಿ ಕಾರಣಗಳು

ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರೂ ಒಮ್ಮೆ ಶಕ್ತಿ ನೀಡಬೇಕು. ಒಂದು ತಪ್ಪಿದರೂ ಲಯ ಕೆಡುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಇದಕ್ಕೆ ‘ಮಿಸ್ಸಿಂಗ್’ ಎನ್ನುತ್ತಾರೆ. ಮೂರು ಸಿಲಿಂಡರಿನ ಕಾರುಗಳಲ್ಲಿ ಇದರ ಪರಿಣಾಮ ಇನ್ನೂ ತೀವ್ರ.

ಪೆಟ್ರೋಲ್ ಕಾರುಗಳಲ್ಲಿ ಸವೆದ ಸ್ಪಾರ್ಕ್ ಪ್ಲಗ್ ಮತ್ತು ದುರ್ಬಲ ಇಗ್ನಿಷನ್ ಕಾಯಿಲ್ ಸಾಮಾನ್ಯ ಕಾರಣಗಳು. ಕಟ್ಟಿಕೊಂಡ ಇಂಧನ ಫಿಲ್ಟರ್, ಕೊಳೆಯಾದ ಥ್ರಾಟಲ್ ಬಾಡಿ, ಗಾಳಿ ಸೋರುವ ಪೈಪುಗಳೂ ಇದೇ ಲಕ್ಷಣವನ್ನು ತೋರಬಲ್ಲವು. ಎಥೆನಾಲ್‌ಗೆ ನೀರನ್ನು ಹೀರುವ ಗುಣವಿದೆ. ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ನೀರಿನಂಶ ಮಿತಿ ಮೀರಿದರೆ ಅದು ಎಥೆನಾಲ್‌ನೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಆಗ ಟ್ಯಾಂಕನ್ನು ಖಾಲಿ ಮಾಡಿಸಿ ಶುಚಿಗೊಳಿಸಬೇಕಾಗುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಅಲ್ಲಿ ಡೀಸೆಲ್ ಫಿಲ್ಟರ್, ಅದರಲ್ಲಿ ಸೇರಿದ ನೀರು, ಇಂಜೆಕ್ಟರ್ ಹಾಗೂ ಟರ್ಬೊ ಪೈಪುಗಳನ್ನು ಪರೀಕ್ಷಿಸಲಾಗುತ್ತದೆ.

ಸ್ಕ್ಯಾನರ್ ಮೂಲಕ ಪತ್ತೆ

ಕಾರಿನ ಕಂಪ್ಯೂಟರ್ ದಾಖಲಿಸಿದ ಸಂಕೇತಗಳನ್ನು ಸ್ಕ್ಯಾನರ್ ಓದುತ್ತದೆ. ಪಿ0300 ಎಂಬುದು ಅನಿಯತ ಮಿಸ್ಸಿಂಗ್. ಪಿ0301ರಿಂದ ಪಿ0304ರವರೆಗಿನ ಸಂಕೇತಗಳು ಕ್ರಮವಾಗಿ 1ರಿಂದ 4ನೆಯ ಸಿಲಿಂಡರನ್ನು ಸೂಚಿಸುತ್ತವೆ. ಸಂಕೇತವು ಸಿಲಿಂಡರನ್ನು ತೋರಿಸುತ್ತದೆಯೇ ಹೊರತು ಕೆಟ್ಟ ಭಾಗವನ್ನಲ್ಲ. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಕಾಯಿಲ್ ಇರುವ ಕಾರಿನಲ್ಲಿ ಪಿ0302 ಬಂದಿದ್ದರೆ, ಎಂಜಿನ್ ನಿಲ್ಲಿಸಿ 2 ಮತ್ತು 3ನೆಯ ಸಿಲಿಂಡರುಗಳ ಕಾಯಿಲ್‌ಗಳನ್ನು ಅದಲುಬದಲು ಮಾಡಲಾಗುತ್ತದೆ. ಹಳೆಯ ಸಂಕೇತವನ್ನು ಅಳಿಸಿ ಓಡಿಸಿದಾಗ ಪಿ0303 ಬಂದರೆ ಕಾಯಿಲ್ ಕೆಟ್ಟಿದೆ. ಪಿ0302 ಮರಳಿದರೆ ಪ್ಲಗ್, ಇಂಜೆಕ್ಟರ್ ಮತ್ತು ಕಂಪ್ರೆಷನ್ ಪರೀಕ್ಷೆ ಅಗತ್ಯ.

ಕ್ಲಚ್, ಮೌಂಟಿಂಗ್ ಮತ್ತು ಆಕ್ಸಲ್

ಹಾಫ್ ಕ್ಲಚ್‌ನಲ್ಲಿ ಬಹಳ ಹೊತ್ತು ಓಡಿಸಿದರೆ ಕ್ಲಚ್ ಪ್ಲೇಟ್ ಕಾದು ಸವೆಯುತ್ತದೆ. ಪ್ಲೇಟಿಗೆ ಎಣ್ಣೆ ತಗುಲಿದರೂ ಹಿಡಿತ ಅಸಮವಾಗುತ್ತದೆ. ಆಗ ಎಣ್ಣೆ ಸೋರುವ ಸೀಲನ್ನು ಸರಿಪಡಿಸದೆ ಪ್ಲೇಟ್ ಮಾತ್ರ ಬದಲಿಸಿದರೆ ದೋಷ ಮರುಕಳಿಸುತ್ತದೆ. ಗೇರ್‌ಬಾಕ್ಸ್ ಇಳಿಸುವ ಕೆಲಸ ದೊಡ್ಡದಾದ್ದರಿಂದ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್ ಮತ್ತು ರಿಲೀಸ್ ಬೇರಿಂಗ್‌ಗಳನ್ನು ಒಟ್ಟಿಗೆ ಬದಲಿಸುವುದು ರೂಢಿ.

ಮೌಂಟಿಂಗ್‌ನ ರಬ್ಬರ್ ಹರಿದರೆ ಎಂಜಿನ್ ಅತಿಯಾಗಿ ತೊನೆಯುತ್ತದೆ ಮತ್ತು ಗೇರ್ ಹಾಕುವಾಗ ‘ದಡ್’ ಎಂಬ ಸದ್ದು ಕೇಳಿಸಬಹುದು.

ಮುಂಚಕ್ರ ಚಾಲನೆಯ ಕಾರುಗಳಲ್ಲಿ ಆಕ್ಸಲ್ ಜಾಯಿಂಟನ್ನು ರಬ್ಬರ್ ಬೂಟ್ ರಕ್ಷಿಸುತ್ತದೆ. ಅದು ಹರಿದರೆ ಗ್ರೀಸ್ ಹೊರಬಿದ್ದು ಧೂಳು ಒಳಸೇರಿ ಜಾಯಿಂಟ್ ಸವೆಯುತ್ತದೆ. ಜಾಯಿಂಟ್ ಸವೆಯುವ ಮೊದಲೇ ಗಮನಿಸಿದರೆ ಬೂಟ್ ಮತ್ತು ಗ್ರೀಸ್ ಬದಲಾವಣೆಯಲ್ಲೇ ಕೆಲಸ ಮುಗಿಯುತ್ತದೆ. ಹಿಂಚಕ್ರ ಚಾಲನೆಯ ವಾಹನಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್‌ಗಳನ್ನು ಪರೀಕ್ಷಿಸಬೇಕು.

ಮುನ್ನೆಚ್ಚರಿಕೆ

ನಡುಕದೊಂದಿಗೆ ಎಂಜಿನ್ ಎಚ್ಚರಿಕೆ ದೀಪ ಮಿನುಗುತ್ತಿದ್ದರೆ ವೇಗ ತಗ್ಗಿಸಿ, ಸುರಕ್ಷಿತ ಸ್ಥಳದಲ್ಲಿ ಕಾರನ್ನು ನಿಲ್ಲಿಸಬೇಕು. ಸಿಲಿಂಡರಿನಲ್ಲಿ ಉರಿಯದ ಇಂಧನವು ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿದು ಆ ದುಬಾರಿ ಭಾಗವನ್ನೇ ಹಾಳುಮಾಡಬಲ್ಲದು. ಪಿಕಪ್ ಕುಸಿದ ಕಾರಿನಲ್ಲಿ ಲಾರಿಯನ್ನು ಹಿಂದಿಕ್ಕುವ ಪ್ರಯತ್ನ ಪ್ರಾಣಾಪಾಯಕ್ಕೆ ದಾರಿಯಾಗಬಹುದು. ಧೂಳಿನ ದಾರಿಯಲ್ಲಿ ಹೆಚ್ಚು ಓಡುವ ಕಾರಿನ ಗಾಳಿ ಶೋಧಕವನ್ನು ಕೈಪಿಡಿ ಹೇಳುವ ಸಾಮಾನ್ಯ ಅವಧಿಗಿಂತ ಮೊದಲೇ ಪರೀಕ್ಷಿಸುವುದು ಸೂಕ್ತ.