ಮಾತ್ರೆ ಬಿಡುವ ಮುನ್ನ ಡಾಕ್ಟರಿಗೊಂದು ಮಾತು

ಮಕ್ಕಳು ಶಾಲೆಯಿಂದ ಬರುವುದು ಹತ್ತು ನಿಮಿಷ ತಡವಾದರೆ ಸಾಕು, ಎದೆ ಡವಡವ. ರಾತ್ರಿ ನಿದ್ದೆಯಿಲ್ಲ, ಕೈಕಾಲು ನಡುಕ. ತಿಂಗಳುಗಟ್ಟಲೆ ಹೀಗೇ ನರಳಿ, ಕೊನೆಗೊಂದು ದಿನ ಡಾಕ್ಟರ ಬಳಿ ಹೋದಿರಿ. ಅವರು ಪರೀಕ್ಷಿಸಿ, “ಇದು ಆತಂಕದ ಕಾಯಿಲೆ, ವಾಸಿಯಾಗುತ್ತೆ” ಎಂದು ಮಾತ್ರೆ ಬರೆದುಕೊಟ್ಟರು. ಮೂರನೆಯ ದಿನ ಹೊಟ್ಟೆ ತೊಳೆಸಿತು, ತಲೆ ಭಾರವಾಯಿತು. ಪಕ್ಕದ ಮನೆಯಾಕೆ, “ಅಯ್ಯೋ, ಅದೆಲ್ಲ ಹುಚ್ಚಿಗೆ ಕೊಡೋ ಮಾತ್ರೆ ಕಣ್ರೀ, ಬಿಟ್ಟುಬಿಡಿ” ಎಂದರು. ಮಾತ್ರೆ ಸಾಸಿವೆ ಡಬ್ಬಿಯ ಹಿಂದೆ ಸೇರಿತು. ಡಾಕ್ಟರಿಗೆ ಮಾತ್ರ ಹೇಳಲಿಲ್ಲ!

ತಪ್ಪಾಗಿದ್ದು ಇಲ್ಲಿಯೇ ನೋಡಿ.

ಆತಂಕಕ್ಕೆ ಸಾಮಾನ್ಯವಾಗಿ ಕೊಡುವ ಎಸಿಟಲೋಪ್ರಾಂ, ಸರ್ಟ್ರಲೀನ್‌ನಂಥ ಔಷಧಿಗಳ ಗುಣ ಕಾಣಲು 2ರಿಂದ 6 ವಾರ ಬೇಕು. ಹೊಟ್ಟೆ ತೊಳೆಸುವುದು, ತಲೆನೋವು, ನಿದ್ದೆಯ ಏರುಪೇರು ಮಾತ್ರ ಮೊದಲ ದಿನಗಳಲ್ಲೇ ಬರುತ್ತವೆ. ಕೆಲವರಿಗೆ ಆರಂಭದಲ್ಲಿ ಆತಂಕವೇ ತುಸು ಹೆಚ್ಚಿದಂತೆಯೂ ಆಗುವುದುಂಟು. ಬಹುಮಟ್ಟಿಗೆ ಇವು ಒಂದೆರಡು ವಾರದಲ್ಲಿ ತಗ್ಗುತ್ತವೆ. ಹೆಪ್ಪು ಹಾಕಿದ ಹಾಲನ್ನು ಗಳಿಗೆಗೊಮ್ಮೆ ಕದಡಿ ನೋಡಿದರೆ ಮೊಸರಾದೀತೆ?

ಆಲ್ಪ್ರಜೋಲಾಂ, ಕ್ಲೋನಜೆಪಾಂ ಇನ್ನೊಂದು ಬಗೆಯವು. ನುಂಗಿದ ಗಂಟೆಯೊಳಗೇ ಮನಸ್ಸು ಶಾಂತವಾಗುತ್ತದೆ, ಮಂಪರೂ ಬರುತ್ತದೆ. ಆದ್ದರಿಂದಲೇ ಇವುಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ವಾರಗಟ್ಟಲೆ ನುಂಗಿದರೆ ದೇಹ ಒಗ್ಗಿಹೋಗುತ್ತದೆ. ಆಮೇಲೆ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ತರಿಸುವುದು, “ನಂಗೆ ಒಳ್ಳೇದಾಯ್ತು, ನೀವೂ ತಗೊಳ್ಳಿ” ಎಂದು ಹಂಚುವುದು ಬೇಡವೇ ಬೇಡ.

ಹಾಗಾದರೆ ಡಾಕ್ಟರನ್ನು ನಂಬುವುದೆಂದರೆ ಬಾಯಿ ಮುಚ್ಚಿ ನುಂಗುವುದೇ? ಅಲ್ಲ. ನಂಬಿಕೆ ಎಂದರೆ ನಿಜ ಹೇಳುವುದು. ನೀವು ಬಚ್ಚಿಟ್ಟದ್ದು ಅವರಿಗೆ ಕಾಣುವುದಾದರೂ ಹೇಗೆ? ಯಾವ ದಿನ ಏನಾಯಿತೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಮಾತ್ರೆ ತಪ್ಪಿಸಿದ ದಿನಗಳನ್ನೂ, ನೋವಿಗೋ ನೆಗಡಿಗೋ ನುಂಗುವ ಬೇರೆ ಮಾತ್ರೆಗಳನ್ನೂ ಹೇಳಿ. ಬಸುರಿಯಾಗಿದ್ದರೆ, ಮಗುವಿಗೆ ಹಾಲೂಡುತ್ತಿದ್ದರೆ ಮೊದಲೇ ತಿಳಿಸಿ. ದಾಂಪತ್ಯದಲ್ಲಿ ಆಸಕ್ತಿ ಕುಗ್ಗಿದ್ದರೆ ಅದನ್ನೂ ಹೇಳಿ. ಸಂಕೋಚ ಬೇಡ, ಅದು ಈ ಔಷಧಿಗಳ ಒಂದು ಪರಿಣಾಮವೇ ಇರಬಹುದು. ಊಟವಾದ ಮೇಲೆ ನುಂಗಲು ಹೇಳುವುದು, ಪ್ರಮಾಣ ಇಳಿಸುವುದು, ಔಷಧಿಯನ್ನೇ ಬದಲಿಸುವುದು — ಅವರ ಕೈಯಲ್ಲಿ ಹಲವು ದಾರಿಗಳಿವೆ. ಕೇಳಿಸಿಕೊಳ್ಳುವ ವ್ಯವಧಾನವೇ ಇಲ್ಲದ ಡಾಕ್ಟರಾದರೆ ಇನ್ನೊಬ್ಬರ ಬಳಿ ಹೋಗಿ, ಆದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಮುಖ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ, ಫಿಟ್ಸ್ ಬಂದರೆ, ಸಾಯುವ ಯೋಚನೆ ಸುಳಿದರೆ ಮಾತ್ರ ಮುಂದಿನ ಭೇಟಿಗೆಂದು ಕಾಯಬಾರದು. ಕೂಡಲೇ ಆಸ್ಪತ್ರೆಗೆ ಹೊರಡಿ. ಅಪರಾತ್ರಿಯಲ್ಲಿ ಮನಸ್ಸು ಕಂಗೆಟ್ಟು ಯಾರಲ್ಲಿ ಹೇಳಿಕೊಳ್ಳಲಿ ಎನಿಸಿದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಸರ್ಕಾರ ಆರಂಭಿಸಿದ ಈ ಟೆಲಿ ಮಾನಸ್ ಸೇವೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸರಿ, ಗುಣವಾಯಿತು. “ಇನ್ಯಾಕೆ ಮಾತ್ರೆ?” ಅನ್ನಿಸುತ್ತದೆ. ಎಸಿಟಲೋಪ್ರಾಂನಂಥ ಔಷಧಿಯನ್ನು ಚೇತರಿಸಿಕೊಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಬಳಿಕ ಮೆಲ್ಲಗೆ ಇಳಿಸುತ್ತಾರೆ. ಏಣಿ ಹತ್ತಿದವರು ಮೆಟ್ಟಿಲು ಮೆಟ್ಟಿಲಾಗಿಯೇ ಇಳಿಯಬೇಕಲ್ಲವೇ?

ಸಾಸಿವೆ ಡಬ್ಬಿಯ ಹಿಂದೆ ನಿಮ್ಮದೂ ಒಂದು ಮಾತ್ರೆಯ ಪಟ್ಟಿ ಇದೆಯೇ? ಹಾಗಾದರೆ ಅದನ್ನು ಚೀಲಕ್ಕೆ ಹಾಕಿಕೊಂಡು ನಾಳೆಯೇ ಡಾಕ್ಟರ ಬಳಿ ಹೋಗಿಬನ್ನಿ.