ಕಾಣದ ಬೆಂಕಿಯ ಕಾವು

ದೋಸೆಗೆ ಕಾವಲಿ ಹದವಾಗಿದೆಯೇ ಎಂದು ತಿಳಿಯಲು ದೆಹಲಿಯ ಕಿದ್ವಾಯಿ ನಗರದ ನಮ್ಮ ಅಡುಗೆಮನೆಯಲ್ಲಿ ಯಾರೂ ಥರ್ಮಾಮೀಟರ್ ಹುಡುಕುವುದಿಲ್ಲ. ನಾಲ್ಕು ಹನಿ ನೀರು ಚಿಮುಕಿಸುತ್ತೇವೆ. ಹನಿ ಸುಮ್ಮನೆ ಕೂತರೆ ಇನ್ನೂ ಕಾಯಬೇಕು, ಚುಂಯ್ ಎಂದು ಆವಿಯಾದರೆ ಹದ, ಮುತ್ತಿನಂತೆ ಉರುಳಾಡಿದರೆ ವಿಪರೀತ ಕಾದಿದೆ. ಜಲಜನಕದ ಜ್ವಾಲೆಯ ತಾಪವನ್ನು ಲೇಸರ್‌ನಿಂದ ಅಳೆಯುವವರ ಉಪಾಯವೂ ಇಂಥದ್ದೇ. ಅವರ ಹನಿ ಎಂದರೆ ಗಾಳಿಯಲ್ಲೇ ಇರುವ ಸಾರಜನಕದ ಅಣು.

ಗ್ಯಾಸ್ ಒಲೆಯ ನೀಲಿ ಬಣ್ಣ ಬರುವುದು ಇಂಧನದಲ್ಲಿರುವ ಇಂಗಾಲದಿಂದ. ಜಲಜನಕದಲ್ಲಿ ಇಂಗಾಲವೇ ಇಲ್ಲ, ಹಾಗಾಗಿ ಹಗಲಿನಲ್ಲಿ ಅದರ ಜ್ವಾಲೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಕಾವು ಮಾತ್ರ ಸುಮಾರು 2,100 ಡಿಗ್ರಿ ಸೆಲ್ಸಿಯಸ್! ಪ್ಲಾಟಿನಂ ತಂತಿ ತೂರಿಸಿ ಅಳೆಯೋಣವೆಂದರೆ ಅದು 1,768 ಡಿಗ್ರಿಗೇ ಕರಗುತ್ತದೆ. ಕರಗದಷ್ಟು ಕಡಿಮೆ ಕಾವಿದ್ದರೂ ತೊಂದರೆ ತಪ್ಪದು: ತಂತಿ ಹರಿವನ್ನು ಕದಡುತ್ತದೆ, ಅದರ ಮೈಮೇಲೇ ಜಲಜನಕ ಉರಿದು ಲೆಕ್ಕ ತಪ್ಪಿಸುತ್ತದೆ.

ಬೆಳಕನ್ನು ತೂರಿಸಿದರೆ ಈ ರಗಳೆಯಿಲ್ಲ. ಅಣುವಿಗೆ ತಾಕಿದ ಬೆಳಕಿನಲ್ಲಿ ಒಂದಿಷ್ಟು ಬಣ್ಣ ಬದಲಿಸಿ ಚದುರುತ್ತದೆ ಎಂಬುದನ್ನು 1928ರಲ್ಲಿ ಕಲ್ಕತ್ತದಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ತೋರಿಸಿದರು. ಮುಂದೆ ರಾಮನ್ ಬೆಂಗಳೂರಿನಲ್ಲಿ ನೆಲೆಸಿದರು. ಕೃಷ್ಣನ್ ನಮ್ಮ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮೊದಲ ನಿರ್ದೇಶಕರಾದರು. ಆದರೆ ಹಾಗೆ ಚದುರಿದ ಬೆಳಕು ತೀರಾ ಮಸುಕು. ಅದನ್ನು ಗಟ್ಟಿಗೊಳಿಸುವ ವಿಧಾನದ ಹೆಸರು ಕಾರ್ಸ್. 532 ನ್ಯಾನೊಮೀಟರಿನ ಹಸಿರು ಲೇಸರ್ ಮತ್ತು 607ರ ಕಿತ್ತಳೆ ಲೇಸರ್‌ಗಳನ್ನು ಜ್ವಾಲೆಯೊಳಗೆ ಒಂದೇ ಬಿಂದುವಿನಲ್ಲಿ ಸಂಧಿಸುವಂತೆ ಹಾಯಿಸುತ್ತಾರೆ. ಇವೆರಡರ ಶಕ್ತಿಯ ಅಂತರ ಸಾರಜನಕದ ಅಣುವಿನ ಕಂಪನಕ್ಕೆ ಸರಿಹೊಂದುತ್ತದೆ. ಆಗ ಆ ಬಿಂದುವಿನಿಂದ 473ರ ಸುಮಾರಿನ ನೀಲಿ ಕಿರಣವೊಂದು ನೆಟ್ಟಗೆ ಹೊರಡುತ್ತದೆ. ಅದರ ರೋಹಿತದಲ್ಲೇ ಉತ್ತರವಿದೆ: ತಣ್ಣಗಿನ ಸಾರಜನಕ ಒಂದೇ ಕಿರಿದಾದ ಶಿಖರ ಮೂಡಿಸಿದರೆ, ಕಾದ ಸಾರಜನಕದ ಶಿಖರ ಅಗಲವಾಗಿ ಪಕ್ಕದಲ್ಲಿ ಇನ್ನೊಂದು ತಲೆಯೆತ್ತುತ್ತದೆ. ಅದರ ಎತ್ತರ ನೋಡಿ ತಾಪ ಲೆಕ್ಕಹಾಕುತ್ತಾರೆ.

ಇಷ್ಟೆಲ್ಲ ಯಾಕೆ? 2020ರ ಅಕ್ಟೋಬರ್‌ನಲ್ಲಿ ದೆಹಲಿಯ ರಾಜ್‌ಘಾಟ್ ಡಿಪೋದಲ್ಲಿ, ಸಿಎನ್‌ಜಿಗೆ ಶೇಕಡಾ 18ರಷ್ಟು ಜಲಜನಕ ಬೆರೆಸಿ ಬಸ್ ಓಡಿಸುವ ಪ್ರಯೋಗ ಶುರುವಾಯಿತು. ಜಲಜನಕ ಉರಿದಾಗ ಹೊಗೆಯಿಲ್ಲ, ಬರೀ ನೀರಾವಿ. ಆದರೆ ಜ್ವಾಲೆಯ ತಾಪ 1,500 ಡಿಗ್ರಿ ದಾಟಿ ಏರಿದಂತೆಲ್ಲ ಗಾಳಿಯ ಸಾರಜನಕ ಆಮ್ಲಜನಕದೊಡನೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಚಳಿಗಾಲದಲ್ಲಿ ನಮ್ಮ ಬಾಲ್ಕನಿಯಾಚೆ ಕವಿಯುವ ಮಬ್ಬಿನಲ್ಲಿ ಅದರ ಪಾಲೂ ಇದೆ. ಕಾವಿನ ಸಾಕ್ಷಿ ಹೇಳುವ ಅಣುವೇ ಕಾವು ಮಿತಿಮೀರಿದರೆ ಆರೋಪಿ. ಅದಕ್ಕೇ ಅದು ಇನ್ನೂ ಸಾಕ್ಷಿಯಾಗಿರುವಾಗಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.