ನುಡಿನಮನದಲ್ಲಿ ಎಷ್ಟು ನಿಜ ಹಿಡಿಸೀತು?

ನ್ಯೂಯಾರ್ಕ್‌ನ ಬೆಲ್‌ರೋಸ್‌ನ ಹಿಲ್‌ಸೈಡ್ ಅವೆನ್ಯೂದಲ್ಲಿ ಕರಿಬೇವು, ತೊಗರಿಬೇಳೆ ಕೊಂಡು ಕಾರು ಹತ್ತುವ ನಮಗೆಲ್ಲ ಕ್ರಾಸ್ ಐಲ್ಯಾಂಡ್ ಪಾರ್ಕ್‌ವೇ ದಿನನಿತ್ಯದ ದಾರಿ. ಅದನ್ನು ಮಾಡಿಸಿದ ರಾಬರ್ಟ್ ಮೋಸೆಸ್ 1981ರ ಜುಲೈ 29ರಂದು, 92ನೇ ವಯಸ್ಸಿನಲ್ಲಿ ತೀರಿಕೊಂಡರು. 13 ಸೇತುವೆ, 416 ಮೈಲಿ ಪಾರ್ಕ್‌ವೇ, 658 ಮಕ್ಕಳ ಆಟದ ತಾಣಗಳು ಅವರ ಲೆಕ್ಕದಲ್ಲಿವೆ. ಬ್ರಾಂಕ್ಸ್‌ನ ಈಸ್ಟ್ ಟ್ರೆಮಾಂಟ್‌ನಲ್ಲಿ ಹೆದ್ದಾರಿಯ ಒಂದೇ ಒಂದು ಮೈಲಿಗಾಗಿ ಒಕ್ಕಲೆದ್ದ ಸುಮಾರು 1,500 ಸಂಸಾರಗಳೂ ಅದೇ ಲೆಕ್ಕದಲ್ಲಿವೆ. ರಾಬರ್ಟ್ ಕ್ಯಾರೊ 1974ರಲ್ಲೇ ‘ದಿ ಪವರ್ ಬ್ರೋಕರ್’ ಬರೆದು ಇದನ್ನೆಲ್ಲ ಬಯಲಿಗೆಳೆದಿದ್ದರು. ಮೋಸೆಸ್ ತೀರಿಕೊಂಡ ಮರುದಿನ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪಾಲ್ ಗೋಲ್ಡ್‌ಬರ್ಗರ್ ಬರೆದ ನಿಧನ ಲೇಖನ ಸಾಧನೆಯನ್ನೂ ಹೇಳಿತು, ಆರೋಪವನ್ನೂ ಹೇಳಿತು. ಪಾರ್ಕ್‌ವೇ ಪಕ್ಕ ಹಿತ್ತಲು ಇದ್ದ ಮನೆಯವರೂ ಮನೆ ಕಳೆದುಕೊಂಡ ಟ್ರೆಮಾಂಟ್‌ನವರೂ ಅದನ್ನು ಒಂದೇ ಮನಸ್ಸಿನಿಂದ ಓದಿರಲಾರರು.

ಇಲ್ಲಿನ ಪತ್ರಿಕೆಗಳಿಗೆ ನಿಧನ ಲೇಖನವೆಂದರೆ ಸುದ್ದಿ. ದೊಡ್ಡವರದ್ದನ್ನು ಅವರು ಬದುಕಿರುವಾಗಲೇ ಬರೆದಿಟ್ಟಿರುತ್ತಾರೆ. ನಾವು ಕನ್ನಡಿಗರು ಅದನ್ನು ನುಡಿನಮನ ಎಂದು ಕರೆದೆವು. ಶಬ್ದದಲ್ಲೇ ತಲೆ ಬಾಗಿದೆ. ಬಾಗಿದ ತಲೆಗೆ ಎದುರಿನವರ ಮುಖ ಪೂರಾ ಕಾಣುವುದಿಲ್ಲ ಎಂಬುದು ನನ್ನ ಬಹುಕಾಲದ ಸಂಕಟ.

2014ರ ಆಗಸ್ಟ್ 22ರಂದು ಯು.ಆರ್. ಅನಂತಮೂರ್ತಿ ಹೋದ ಸುದ್ದಿ ಬಂದಾಗ ಬೆಂಗಳೂರಿನಲ್ಲಿ ಸಂಜೆ, ನಮ್ಮಲ್ಲಿ ಬೆಳಿಗ್ಗೆ. ಮೋದಿ ಆಳುವ ದೇಶದಲ್ಲಿ ಬದುಕಲಾರೆ ಎಂದು ಹಿಂದಿನ ವರ್ಷ ಅವರು ಆಡಿದ್ದ ಮಾತು, ಆಮೇಲೆ ಭಾವಾವೇಶದಲ್ಲಿ ಆಡಿದೆ ಎಂದದ್ದು, ಎರಡೂ ಇನ್ನೂ ಹಸಿಯಾಗಿದ್ದವು. ಮಂಗಳೂರಿನಲ್ಲಿ ಕೆಲವರು ಪಟಾಕಿ ಹೊಡೆದರು. ಸಾವಿನ ಮುಂದೆ ಪಟಾಕಿ ಹೊಡೆಯುವುದು ವಿಮರ್ಶೆಯಲ್ಲ, ನೀಚತನ. ಆದರೆ ಆ ಪಟಾಕಿಗೆ ಹೆದರಿ ನಾವು ಇನ್ನೊಂದು ತಪ್ಪು ಮಾಡಿದೆವು. ಅವರ ರಾಜಕೀಯದ ಏರಿಳಿತದ ಬಗ್ಗೆ ಯಾರು ಒಂದು ಸಾಲು ಬರೆದರೂ ಅವರನ್ನು ಪಟಾಕಿಯವರ ಸಾಲಿಗೇ ಸೇರಿಸಿದೆವು. ನಾನೂ ಸೇರಿಸಿದೆ.

2025ರ ಸೆಪ್ಟೆಂಬರ್ 24ರಂದು ಎಸ್.ಎಲ್. ಭೈರಪ್ಪ ಹೋದರು. ಈಗ ಪಾತ್ರಗಳು ಅದಲು ಬದಲು. 2007ರ ಅವರ ವಿವಾದಾತ್ಮಕ ಕಾದಂಬರಿ ‘ಆವರಣ’ವನ್ನು ಮರೆಯದೆ ಬರೆಯಬೇಕು ಎಂದವರು ಹನ್ನೊಂದು ವರ್ಷಗಳ ಹಿಂದೆ ‘ಇದು ಸಮಯವಲ್ಲ’ ಎಂದಿದ್ದವರು. ಅಂದು ‘ಎಲ್ಲ ಹೇಳಿ’ ಎಂದ ನನ್ನ ಸ್ನೇಹಿತರೊಬ್ಬರು ಈ ಸಲ, “ಬೂದಿ ಆರಲಿ ಮಾರಾಯ್ರೆ” ಎಂದರು. ಅವರ ಗಂಟಲು ನಿಜವಾಗಿಯೂ ಕಟ್ಟಿತ್ತು. ಭೈರಪ್ಪನವರ ‘ಪರ್ವ’ವನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ಈ ದೇಶಕ್ಕೆ ಬಂದವರು ಅವರು. ಅವರಿಗೆ ಹೋದದ್ದು ಲೇಖಕನೊಬ್ಬನೇ ಅಲ್ಲ, ತಮ್ಮ ಹರೆಯವೂ ಹೌದು. ಅಂಥವರಿಗೆ ಒಂದು ಆಕ್ಷೇಪದ ಸಾಲೂ ಕೆನ್ನೆಗೆ ಹೊಡೆದಂತಾಗುತ್ತದೆ. ‘ಆವರಣ’ ಓದಿ ನೊಂದವರಿಗೆ ಆ ಸಾಲು ಇಲ್ಲದಿದ್ದರೇ ಅವಮಾನ. ಇಬ್ಬರದ್ದೂ ನಿಜವಾದ ನೋವು.

ಹಾಗಾದರೆ ಬರೆಯುವವರು ಏನು ಮಾಡಬೇಕು? ಸೂತಕ ಮನೆಯವರಿಗೆ. ಅವರ ಎದುರು ಬಾಯಿ ಮುಚ್ಚಿಕೊಂಡಿರುವುದೇ ಮರ್ಯಾದೆ. ಪತ್ರಿಕೆಗೆ ಸೂತಕವಿಲ್ಲ. ಅಲ್ಲಿ ಮೆಚ್ಚುಗೆಯ ಪಕ್ಕದಲ್ಲೇ ತಕರಾರು ಬರಬೇಕು. ಕೊನೆಯಲ್ಲಿ ತೀರ್ಪು ಓದಿದ ಹಾಗೆ ಬರಬಾರದು. ಹಾಗೆ ಬರೆದರೂ ಎರಡೂ ಕಡೆಯಿಂದ ಬೈಗುಳ ತಪ್ಪುವುದಿಲ್ಲ. ಬೈಸಿಕೊಂಡಾದರೂ ಬರೆಯಬೇಕು ಎಂದೇ ನಾನು ನಂಬುತ್ತೇನೆ. ಏಕೆಂದರೆ ಈ ಇಬ್ಬರೂ ನಮಗೆ ಕಲಿಸಿದ್ದು ಅದನ್ನೇ.

ಅನಂತಮೂರ್ತಿಯವರ ‘ಸಂಸ್ಕಾರ’, ಭೈರಪ್ಪನವರ ‘ವಂಶವೃಕ್ಷ’ ಎರಡೂ 1965ರಲ್ಲಿ ಬಂದವು. ಮೊದಲನೆಯದರಲ್ಲಿ ಅಗ್ರಹಾರದವರು ನಾರಣಪ್ಪನ ಹೆಣ ಇಟ್ಟುಕೊಂಡು, ಆಚಾರ ಬಿಟ್ಟವನಿಗೆ ಸಂಸ್ಕಾರ ಮಾಡಬೇಕೋ ಬೇಡವೋ ಎಂದು ವಾದಿಸುತ್ತ ಕೂರುತ್ತಾರೆ. ಊಟವಿಲ್ಲ, ಹೆಣ ನಾರುತ್ತದೆ. ಕೊನೆಗೆ ರಾತ್ರೋರಾತ್ರಿ ಸುಟ್ಟು ಬರುವುದು ಅವನೊಡನೆ ಬಾಳಿದ ಚಂದ್ರಿ, ಅಹಮದ್ ಬ್ಯಾರಿಯ ನೆರವಿನಿಂದ. ಎರಡನೆಯದರಲ್ಲಿ ವಂಶದ ಹೆಮ್ಮೆಯಲ್ಲೇ ಬಾಳಿದ ಶ್ರೀನಿವಾಸ ಶ್ರೋತ್ರಿಗಳಿಗೆ, ತಾವು ಆ ವಂಶದ ರಕ್ತವೇ ಅಲ್ಲವೆಂದು ಮನೆಯ ಹಳೆಯ ಕಾಗದಗಳಿಂದ ತಿಳಿಯುತ್ತದೆ. ಸತ್ತ ತಂದೆತಾಯಿಯ ಗುಟ್ಟು ಅದು; ಆ ಕಾಗದ ಒಲೆಗೆ ಹಾಕಿದ್ದರೆ ಮುಗಿಯುತ್ತಿತ್ತು. ಶ್ರೋತ್ರಿಗಳು ಹಾಗೆ ಮಾಡಲಿಲ್ಲ. ತಮ್ಮದಲ್ಲದ ಆಸ್ತಿಯನ್ನು ದಾನ ಕೊಟ್ಟು ಮನೆ ಬಿಟ್ಟು ನಡೆದರು.